ಹಮ್ಮಿಗಿ ಫಕೀರಪ್ಪನ ಬಲಗೈ

ಹೋದ ತಿಂಗಳು ಗದಗಿನ ನನ್ನ ಹಳೆಯ ಮೆಡಿಕಲ್ ಕಾಲೇಜಿನಿಂದ ಫೋನು ಬಂತು. ಶರೀರರಚನಾ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರಂತೆ. ಅವರಿಗೊಂದು ಅಭಿನಂದನ ಗ್ರಂಥ ತರುತ್ತಾರಂತೆ. ಅವರ ಕೈಯಲ್ಲಿ ಕಲಿತು ಈಗ ಬೆಟಗೇರಿಯಲ್ಲಿ ಎಲುಬು-ಕೀಲಿನ ವೈದ್ಯೆಯಾಗಿರುವ ನಾನು ಅದಕ್ಕೆ ಎರಡು ಒಳ್ಳೆಯ ಮಾತು ಬರೆದುಕೊಡಬೇಕಂತೆ. ಫೋನು ಮಾಡಿದವಳು ನಾನು ಬಿಟ್ಟು ಎಷ್ಟೋ ವರ್ಷದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದ ಹುಡುಗಿ. ಪಾಪ, ಅವಳಿಗೆ ಹಿಂದಿನದು ಏನೂ ಗೊತ್ತಿಲ್ಲ. ‘ನೋಡೋಣ’ ಎಂದೆ. ವಾರವಿಡೀ ತಲೆ ಕೆರೆದುಕೊಂಡೆ. ಒಂದು ಒಳ್ಳೆಯ ಮಾತು ಸಿಕ್ಕಿತು: ಸರ್ ಅವರ ಅಕ್ಷರ ದುಂಡಗಿತ್ತು. ಎರಡನೆಯದು ಇವತ್ತಿನ ತನಕ ಸಿಕ್ಕಿಲ್ಲ.

ಅವಳ ಒತ್ತಾಯಕ್ಕೆ ಫೋಟೋ ತೆಗೆಸಿಕೊಳ್ಳಲು ಹೋದೆ. ಹೆಣ ಕೊಯ್ದು ಕಲಿಯುವ ಆ ದೊಡ್ಡ ಹಾಲಿಗೆ ಹೊಸ ಬಣ್ಣ ಬಳಿದಿದ್ದಾರೆ, ಹೊಸ ಫ್ಯಾನು ಹಾಕಿದ್ದಾರೆ. ವಾಸನೆ ಮಾತ್ರ ಅದೇ. ಹೆಣ ಕೆಡದಂತೆ ಇಡುವ ಫಾರ್ಮಾಲಿನ್ನಿನ ವಾಸನೆ ಮೊದಲು ಕಣ್ಣಿಗೆ ಬಡಿಯುತ್ತದೆ, ಆಮೇಲೆ ಮೂಗಿಗೆ. ಕಣ್ಣು ಒರೆಸಿಕೊಂಡೆ. ‘ಹಳೇದೆಲ್ಲಾ ನೆನಪಾತೇನ್ರಿ ಮೇಡಂ?’ ಎಂದಳು ಹುಡುಗಿ, ನಾನು ಭಾವುಕಳಾದೆ ಎಂದುಕೊಂಡು. ನೆನಪಾಯಿತು, ಚೆನ್ನಾಗಿಯೇ ನೆನಪಾಯಿತು. ಮನೆಗೆ ಬಂದು ಬರೆಯಲು ಕೂತೆ. ಇದು ಆ ಗ್ರಂಥದಲ್ಲಿ ಅಚ್ಚಾಗುವ ಬರಹವಲ್ಲ.

ನಾನು ಲಕ್ಷ್ಮೇಶ್ವರದವಳು. ಅಪ್ಪನದು ಬಳೆ ಅಂಗಡಿ. ಹೆಸರು ಮೆಹರುನ್ನಿಸಾ, ಓಣಿಗೆಲ್ಲಾ ಮೆಹರ. ಮೊದಲ ವರ್ಷ ಹಾಸ್ಟೆಲ್ಲಿನಲ್ಲಿ ಜಾಗ ಸಿಗುವ ತನಕ ದಿನಾ ಬಸ್ಸಿನಲ್ಲಿ ಓಡಾಡಿದೆ. ಸಂಜೆ ಗದಗಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡು ಎದ್ದು ಹೋಗುತ್ತಿದ್ದಳು. ನನಗೇನೂ ಬೇಜಾರಿರಲಿಲ್ಲ, ತುಂಬಿದ ಬಸ್ಸಿನಲ್ಲಿ ಕಾಲು ಚಾಚಿ ಕೂರುವ ಭಾಗ್ಯ ಎಷ್ಟು ಜನಕ್ಕೆ ಬರುತ್ತದೆ? ಮನೆ ಬಾಗಿಲಲ್ಲಿ ಅಮ್ಮ ಬಿಸಿನೀರಿನ ಕೊಡ ಇಟ್ಟುಕೊಂಡೇ ನಿಂತಿರುತ್ತಿದ್ದಳು. ‘ಮೊದಲ ಝಳಕಾ ಮಾಡು, ಆಮ್ಯಾಲೆ ಹೊಸ್ತಲಾ ದಾಟು. ಊರ ಮಂದಿ ದಾಕ್ತರ ಆಗಾಕ ಹೋಗತಾರ, ನೀ ಹೆಣಾ ಹೊರಾಕ ಹೋದಾಕಿಗತೆ ಬರತಿ’ ಎನ್ನುತ್ತಿದ್ದಳು.

ಆ ವರ್ಷ ಜೂನಿನಲ್ಲಿ ಮೋಡ ಬಂತು, ಮಳೆ ಬರಲಿಲ್ಲ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿ ಬೀಸಿ ಹಾಲಿನ ಕಿಟಕಿಗಳನ್ನು ದಿನಾ ಒಂದಿಷ್ಟು ಮುರಿಯಿತು. ಶ್ರಾವಣಕ್ಕೆ ಹಿಡಿದ ಜಿಟಿಜಿಟಿ ಮಳೆ ಮಾತ್ರ ಬಿಡಲಿಲ್ಲ. ಹೊಲದಲ್ಲಿ ಹೆಸರುಕಾಯಿ ಗಿಡದಲ್ಲೇ ಮೊಳಕೆ ಬರತೊಡಗಿತು ಎಂದು ಬಸ್ಸಿನಲ್ಲಿ ಜನ ಹಲ್ಲು ಕಡಿಯುತ್ತಿದ್ದರು. ಹೊರಗಿನ ಥಂಡಿಯೂ ಒಳಗಿನ ವಾಸನೆಯೂ ಸೇರಿ ನಮ್ಮ ಹಾಲು ಹಸಿ ನೆಲಮಾಳಿಗೆಯ ಹಾಗಾಗಿತ್ತು.

ಮುಖ್ಯಸ್ಥರನ್ನು ನಾವು ಅಟ್ಲಾಸ್ ಸರ್ ಎನ್ನುತ್ತಿದ್ದೆವು. ಮನುಷ್ಯನ ಒಳಗಿರುವುದನ್ನೆಲ್ಲಾ ಬಣ್ಣದ ಚಿತ್ರದಲ್ಲಿ ತೋರಿಸುವ ದಪ್ಪ ಪುಸ್ತಕವೊಂದು ಅವರ ಕಂಕುಳಲ್ಲಿ ಸದಾ ಇರುತ್ತಿತ್ತು. ಟೇಬಲ್ಲಿನ ಹತ್ತಿರ ಬಂದು ಮೊದಲು ಚಿತ್ರ ನೋಡುವರು, ಆಮೇಲೆ ದೇಹ ನೋಡುವರು. ಎರಡಕ್ಕೂ ತಾಳೆಯಾಗದಿದ್ದರೆ ತಪ್ಪು ದೇಹದ್ದು, ಅಥವಾ ಕೊಯ್ದವರದ್ದು. ಚಿತ್ರದ್ದು ಮಾತ್ರ ಎಂದೂ ಅಲ್ಲ. ಮೊದಲ ದಿನ ಎಲ್ಲರನ್ನೂ ದೇಹಗಳ ಮುಂದೆ ಕೈಮುಗಿಸಿ ನಿಲ್ಲಿಸಿ, ‘ನೀವೇ ನಮ್ಮ ಮೊದಲ ಗುರು, ನಿಮ್ಮಿಂದ ಕಲಿಯುತ್ತೇವೆ’ ಎಂದು ಪ್ರತಿಜ್ಞೆ ಮಾಡಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಅವರೇ.

ನಮ್ಮ ಟೇಬಲ್ಲಿನಲ್ಲಿ ಮಲಗಿದ್ದವನು ಎತ್ತರದ, ಅಗಲ ಹೆಗಲಿನ ಮುದುಕ. ಬಲಗಡೆ ನನಗೆ, ಎಡಗಡೆ ವೀರೇಶನಿಗೆ ಎಂದು ಹಂಚಿದರು. ವೀರೇಶ ಶಿರಹಟ್ಟಿಯ ಅರಿವೆ ವ್ಯಾಪಾರಿಯ ಮಗ. ಮೊದಲ ದಿನವೇ ಹರಿತವಾದ ಕತ್ತಿಯನ್ನೆಲ್ಲಾ ತನ್ನ ಕಡೆ ಎಳೆದುಕೊಂಡು ನನಗೆ ಮೊಂಡು ಕತ್ತಿ ಬಿಟ್ಟವನು. ಅವತ್ತಿನಿಂದ ಅವನಿಗೂ ನನಗೂ ಹಾವು-ಮುಂಗುಸಿ. ಒಂದೇ ದೇಹದ ಆಚೆ ಈಚೆ ನಿಂತು ವರ್ಷವಿಡೀ ಮುಖ ತಿರುಗಿಸಿಕೊಂಡಿರುವುದು ಕಷ್ಟದ ಕೆಲಸ, ನಾವು ಮಾಡಿದೆವು.

ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆ ಹೊರಟವಳಿಗೆ ಪಡಸಾಲೆಯಲ್ಲಿ ಒಬ್ಬ ಹೆಂಗಸು ಅಡ್ಡ ಬಂದಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಸೀರೆಯ ಅಂಚೆಲ್ಲಾ ಕೆಸರು. ಮುಂಡರಗಿ ಬಸ್ಸಿನಿಂದ ಇಳಿದು ನೆಟ್ಟಗೆ ಬಂದಿದ್ದಳು.

‘ಅಕ್ಕಾರ, ಹೆಣಾ ಕೊಯ್ಯೂ ಸಾಲಿ ಇದ ಹೌದಲ್ರಿ?’

‘ಹೌದ್ರಿ. ನೀವು ಯಾರು?’

‘ನಾ ಗಂಗವ್ವ. ಹಮ್ಮಿಗಿಯಾಕಿ. ನಮ್ಮಪ್ಪನ್ನ ಇಲ್ಲೆ ಕೊಟ್ಟೇವ್ರಿ. ಫಕೀರಪ್ಪ ಅಂತ. ಎತ್ತರ ಆಳು, ಎಡಗಾಲಿನ ಹೆಬ್ಬೆರಳ ಇಲ್ಲ.’

ನಮ್ಮ ಟೇಬಲ್ಲಿನ ಮುದುಕನ ಎಡಗಾಲಿಗೆ ಹೆಬ್ಬೆರಳಿರಲಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ನನ್ನ ಮುಂಗೈ ಹಿಡಿದುಕೊಂಡಳು. ‘ಬಲಗೈ ನೋಡೀರೇನ್ರಿ ಅಂವಂದು?’

‘ಇನ್ನಾ ಶುರು ಮಾಡಿಲ್ರಿ. ಯಾಕ, ಬಲಗೈಗೆ ಏನಾಗಿತ್ತು?’

‘ಏನಾಗಿತ್ತಂತ ನೋಡ್ಲಿ ಅಂತನ ಕೊಟ್ಟೇವಲ್ರಿ!’

ಅಲ್ಲೇ ಕಟ್ಟೆಯ ಮೇಲೆ ಕೂರಿಸಿದೆ. ಅವಳು ಹೇಳಿದಳು. ಯಂತ್ರ ಬರುವ ಮೊದಲಿನ ಕಾಲ. ಕಣದಲ್ಲಿ ರಾಶಿ ತೂರಬೇಕೆಂದರೆ ಕಾಳು ತುಂಬಿದ ಬುಟ್ಟಿಯನ್ನು ತಲೆಗಿಂತ ಮೇಲೆ ಎತ್ತಿ ಗಾಳಿಗಾಗಿ ಕಾದು ನಿಲ್ಲಬೇಕು. ಫಕೀರಪ್ಪ ಎತ್ತಿದ ಸ್ವಲ್ಪ ಹೊತ್ತಿಗೆ ಬಲಗೈ ಜುಮ್ಮೆಂದು ಬಿಳಿಚಿಕೊಳ್ಳುತ್ತಿತ್ತು, ಬುಟ್ಟಿ ಜಾರಿ ಬೀಳುತ್ತಿತ್ತು, ಕಾಳು ಹೋಗಿ ಹೊಟ್ಟಿನಲ್ಲಿ ಬೆರೆಯುತ್ತಿತ್ತು. ಕೈ ಇಳಿಸಿದರೆ ಮತ್ತೆ ಗಂಡುಗೈ. ನೇಗಿಲು ಹಿಡಿಯುವನು, ಚೀಲ ಎಳೆಯುವನು. ಎತ್ತಿದರೆ ಮಾತ್ರ ಸತ್ತ ಕೈ. ಹೀಗೆಂದರೆ ಯಾರು ನಂಬಬೇಕು? ಖುದ್ದು ಅವನ ಅಣ್ಣ ಕಣದಲ್ಲಿ ಎಲ್ಲರೆದುರು, ‘ಎತ್ತಿನಂಥಾ ಮೈ ಐತಿ, ಬುಟ್ಟಿ ಎತ್ತಾಕ ಆಗೂದಿಲ್ಲಂತ! ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ’ ಎಂದನಂತೆ. ಊರು ಅದನ್ನು ಎತ್ತಿಕೊಂಡಿತು. ಅಂದಿನಿಂದ ಅವನು ಕೈಗಳ್ಳ ಫಕೀರ. ಅಣ್ಣ ಬೇರೆಯಾಗುವಾಗ, ದುಡಿಯದವನಿಗೆ ಇಷ್ಟೇ ಸಾಕು ಎಂದು ಹೊಳೆದಂಡೆಯ ಒಳ್ಳೆಯ ಹೊಲವನ್ನು ತಾನಿಟ್ಟುಕೊಂಡು ಬರೀ ಕಲ್ಲಿನ ಮೊರಡಿ ಹೊಲವನ್ನು ಇವನಿಗೆ ಬಿಟ್ಟನಂತೆ. ಹೆಂಡತಿಯೂ ಜಗಳ ಬಂದಾಗ ಅದೇ ಹೆಸರಿನಿಂದ ಕರೆದಳಂತೆ.

‘ದವಾಖಾನಿಗೆ ತೋರಿಸಿದ್ರಿಲ್ಲೇನು?’

‘ತೋರಿಸಿದ್ವಿ ತಗೀರಿ. ಫೋಟೋ ತಗದ್ರು. ಎಲಬು ಗಟ್ಟಿ ಐತಿ, ಏನೂ ಆಗಿಲ್ಲ, ಮನಸ್ಸಿನ್ಯಾಗ ಐತಿ ಅಂದ್ರು. ಊರಾಗಿನ ಮಂದಿಗೆ ಅಷ್ಟ ಸಾಕಾತು. ಸಾಯೂ ಮುಂದ ನಮ್ಮಪ್ಪ ಅಂದ, ನನ್ನ ಮಣ್ಣ ಮಾಡಬ್ಯಾಡ್ರಿ, ಗದಗಿನ ದಾಕ್ತರ ಸಾಲಿಗೆ ಕೊಡ್ರಿ. ಕೈ ಬಿಚ್ಚಿ ನೋಡ್ಲಿ. ನಾ ಕಳ್ಳೋ ಖರೇನೋ ಅವರ ಹೇಳ್ಲಿ ಅಂತ.’

ಅಷ್ಟರಲ್ಲಿ ಅಟ್ಲಾಸ್ ಸರ್ ಆ ದಾರಿಯಲ್ಲಿ ಬಂದರು. ಅವಳು ಎದ್ದು ಅವರಿಗೂ ಅದನ್ನೇ ಹೇಳಲು ಹೋದಳು. ಸರ್ ಕೈಗಡಿಯಾರ ನೋಡಿಕೊಂಡರು. ‘ಆತು ಆತು, ನೋಡ್ತಾರ ಹುಡುಗ್ರು. ನೀ ಹೀಂಗ ಇಲ್ಲೆಲ್ಲಾ ಬರಬಾರದಮ್ಮ. ವರ್ಷ ಮುಗದ ಮ್ಯಾಲೆ ನಾವ ಕರೀತೀವಿ, ಆವಾಗ ಬಾ’ ಎಂದು ಹೋದರು. ಅವಳು ಗೋಣಿಚೀಲ ಕೊಡವಿ ಮತ್ತೆ ತಲೆಗೆ ಹಾಕಿಕೊಂಡಳು. ನಾನು ಅವಳ ಹಿಂದೆ ಗೇಟಿನ ತನಕ ಹೋಗಿ ಹೇಳಿದೆ: ‘ಗಂಗವ್ವಾ, ಬಲಗೈ ನನ್ನ ಪಾಲಿಗೆ ಬಂದೈತಿ. ನೋಡತೇನಿ. ಏನಿದ್ರೂ, ಏನೂ ಇರದಿದ್ರೂ, ಖರೇ ಹೇಳತೇನಿ.’

ಗಣಪತಿ ಹಬ್ಬ ಕಳೆದ ಮೇಲೆ ನಮಗೆ ಬಗಲು ಕೊಯ್ಯುವ ಪಾಠ ಬಂತು. ಬಗಲಿಗೆ ಮುಂದೊಂದು ಗೋಡೆ, ಹಿಂದೊಂದು ಗೋಡೆ. ಮುಂದಿನದು ಎದೆಯ ದೊಡ್ಡ ಸ್ನಾಯು, ಹಿಂದಿನದು ಬೆನ್ನಿನ ಅಗಲ ಸ್ನಾಯು. ನಡುವಿನ ಜಾಗದ ತುಂಬಾ ಕೊಬ್ಬು, ಆ ಕೊಬ್ಬಿನಲ್ಲಿ ಹುದುಗಿಕೊಂಡು ಕೈಗೆ ಹೋಗುವ ರಕ್ತನಾಳ, ನರಗಳ ಕಟ್ಟು. ಎಲ್ಲಾ ಟೇಬಲ್ಲುಗಳಲ್ಲೂ ಮಾಡುವುದು ಒಂದೇ ಕೆಲಸ, ‘ಕ್ಲೀನ್ ಮಾಡುವುದು’. ಚಿಮಟ ಹಾಕಿ ಕೊಬ್ಬು, ಪೊರೆ, ಗಂಟು ಎಲ್ಲವನ್ನೂ ಎಳೆದೆಳೆದು ತೆಗೆದು, ಚಿತ್ರದಲ್ಲಿರುವಷ್ಟು ಮಾತ್ರ ಉಳಿಸುವುದು. ಬೇಗ ಕ್ಲೀನ್ ಮಾಡಿದವನು ಜಾಣ. ವೀರೇಶನ ಎಡ ಬಗಲು ಎರಡನೆಯ ದಿನಕ್ಕೆ ಥಳಥಳ ಹೊಳೆಯುತ್ತಿತ್ತು. ‘ಏನ ಮೆಹರಾ, ಬಳಿ ಪೋಣಸಾಕತ್ತಿಯೇನು?’ ಎಂದು ಆಚೆಯಿಂದ ನಕ್ಕ.

ನಾನು ನಿಧಾನಕ್ಕೆ ಹೋಗುತ್ತಿದ್ದೆ. ಕೊಬ್ಬನ್ನು ಕಾಳು ಆರಿಸುವ ಹಾಗೆ ಬಿಡಿಸುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ, ಬೆನ್ನಿನ ಸ್ನಾಯುವಿನ ಅಂಚಿನಿಂದ ಎದ್ದು, ನರಗಳ ಕಟ್ಟಿನ ಮೇಲೆ ಅಡ್ಡ ಹಾಯ್ದು, ಎದೆಯ ಸ್ನಾಯುವಿನ ಅಡಿಗೆ ಹೋಗಿ ಸೇರುವ ಒಂದು ಪಟ್ಟಿ ಕಂಡಿತು. ಎರಡು ಬೆರಳಿನಷ್ಟು ಅಗಲ. ಕೊಬ್ಬಿನ ಹಳದಿಯಲ್ಲ, ಪೊರೆಯ ಬಿಳಿಯಲ್ಲ. ಸ್ನಾಯುವಿನ ಕಂದು ಬಣ್ಣ, ನೂಲು ನೂಲಾಗಿ ಓಡುವ ಎಳೆ. ಚಿತ್ರದ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಆ ಜಾಗ ಖಾಲಿ.

ಕೀಲು ಸಡಿಲಾಗಲೆಂದು ಸ್ವಲ್ಪ ಹೊತ್ತು ಹೆಗಲು ತಿಕ್ಕಿ, ಫಕೀರಪ್ಪನ ಬಲಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದೆ. ಪಟ್ಟಿ ಬಿಗಿಯಾಯಿತು. ಕೈ ಇನ್ನೂ ಮೇಲೆ ಹೋದಂತೆ ಅದು ಹಗ್ಗದ ಹಾಗೆ ನರಗಳ ಕಟ್ಟಿನ ಮೇಲೆ ಕೂತು ಒತ್ತಿತು. ಕೆಳಗಿಳಿಸಿದರೆ ಸಡಿಲ. ಎತ್ತಿದೆ, ಇಳಿಸಿದೆ, ಎತ್ತಿದೆ. ನನಗೆ ಅಳು ಬಂತು; ಫಾರ್ಮಾಲಿನ್ನಿನ ದೆಸೆಯಿಂದ ಯಾರಿಗೂ ಅದು ಗೊತ್ತಾಗಲಿಲ್ಲ. ವೀರೇಶನೂ ಆ ಕಡೆಯಿಂದ ಬಗ್ಗಿ ನೋಡಿದ. ನಗಲಿಲ್ಲ. ತನ್ನ ಕಡೆಯ ಬಗಲಿನಲ್ಲಿ ಬೆರಳಾಡಿಸಿದ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಒಂದೇ ಮನುಷ್ಯನ ಒಂದು ಹೆಗಲಿನಂತೆ ಇನ್ನೊಂದು ಹೆಗಲಿಲ್ಲ.

ಲೈಬ್ರರಿಯ ಕಪಾಟಿನಲ್ಲಿ ಯಾರೂ ಮುಟ್ಟದ ದೊಡ್ಡ ಗ್ರಂಥವೊಂದಿತ್ತು. ಅದರಲ್ಲಿ ಬಗಲಿನ ಅಧ್ಯಾಯದ ಕಡೆಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕೆಲವರಿಗೆ ಇಂಥ ಹೆಚ್ಚಿನ ಸ್ನಾಯು ಇರುತ್ತದೆ, ಬಗಲಿನ ಕಮಾನು ಎನ್ನುತ್ತಾರೆ. ಬಹಳ ಮಂದಿಗೆ ಇದ್ದದ್ದೂ ತಿಳಿಯದೆ ಜೀವನ ಕಳೆದುಹೋಗುತ್ತದೆ. ಕೆಲವರಿಗೆ ಮಾತ್ರ ಕೈ ಎತ್ತಿದಾಗ ನರ, ರಕ್ತನಾಳಗಳನ್ನು ಒತ್ತಿ ಕೈ ಮರಗಟ್ಟಿಸುತ್ತದೆ. ಅಂಥವರಿಗೆ ಅದನ್ನು ಕತ್ತರಿಸಿ ಬಿಟ್ಟರೆ ಗುಣವಾಗುತ್ತದೆ. ಇವತ್ತು ನಾನು ವೈದ್ಯೆ. ಸತ್ತವನ ಬಗಲಿನಲ್ಲಿ ಬಿಗಿದದ್ದು ಬದುಕಿದ್ದಾಗಲೂ ಹಾಗೇ ಬಿಗಿದಿತ್ತೆಂದು ಆಣೆ ಮಾಡಿ ಹೇಳಲಾರೆ. ಆದರೆ ಫಕೀರಪ್ಪ ಹೇಳಿದ್ದೂ ಪುಸ್ತಕ ಹೇಳಿದ್ದೂ ಇಷ್ಟು ಕೂಡಿಬಂದ ಮೇಲೆ ಅವನನ್ನು ಕಳ್ಳನೆನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಪುಸ್ತಕ ಎತ್ತಿಕೊಂಡು ಸರ್ ಹತ್ತಿರ ಹೋದೆ. ಅವರು ಟೇಬಲ್ಲಿಗೆ ಬಂದರು. ಚಿತ್ರ ನೋಡಿದರು, ಬಗಲು ನೋಡಿದರು. ಚಿಮಟದ ತುದಿಯಿಂದ ಪಟ್ಟಿಯನ್ನು ಎತ್ತಿ ಬಿಟ್ಟರು.

‘ಇದೇನು? ಇಷ್ಟ ದಿವಸ ಮಾಡಿದ್ರೂ ಕ್ಲೀನ್ ಮಾಡಿಲ್ಲಲ್ಲ ನೀನು? ಇದು ಪೊರಿ. ತಗದ ಹಾಕು.’

‘ಸರ್, ಪೊರಿ ಅಲ್ರಿ, ಸ್ನಾಯು ಐತ್ರಿ. ಈ ಪುಸ್ತಕದಾಗ...’

‘ನನಗ ಪಾಠಾ ಹೇಳಾಕ ಬಂದಿಯೇನು?’ ಹಾಲಿಗೆ ಹಾಲೇ ನಮ್ಮ ಕಡೆ ತಿರುಗಿತು. ‘ಬಳೆ ಮಾರೋರ ಮನಿಯಿಂದ ನಿನ್ನೆ ಮೊನ್ನೆ ಬಂದಾಕಿ, ನಾ ಎಷ್ಟ ಬಗಲ ಬಿಚ್ಚೇನಂತ ಗೊತ್ತೈತೇನು ನಿನಗ?’

‘ಅವರ ಮಗಳು ಕೇಳಿ ಹೋಗ್ಯಾಳ್ರಿ ಸರ್. ಆತ ದೇಹಾ ಕೊಟ್ಟದ್ದ ಅದಕ್ಕ...’

‘ಆಕಿ ಕೇಳ್ತಾಳ, ನೀ ಹುಡುಕಿ ಕೊಡ್ತಿ. ಚಲೋ ಆತು. ಎತ್ತ ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟೂ ಮಂದಿ.’ ಎಲ್ಲರೂ ನಕ್ಕರು. ನಗದಿದ್ದರೆ ಮಾರ್ಕ್ಸಿಗೆ ಕುತ್ತು.

ಸಂಜೆ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ದನಿ ಮೆತ್ತಗಾಗಿತ್ತು. ‘ಅದು ಏನಂತ ನನಗೂ ಗೊತ್ತೈತಿ. ಆದ್ರ ಆ ದೇಹದ ಕೈ ಬ್ಯಾರೆ ಮಾಡದ ಪರೀಕ್ಷೆಗೇ ಅಂತ ಇಟ್ಟೇವಿ. ಹೊರಗಿನ ಪರೀಕ್ಷಕರು ಬರತಾರ. ಇದನ್ನ ನೋಡಿದ್ರ ನೂರಾ ಎಂಟ ಪ್ರಶ್ನೆ ಕೇಳತಾರ, ಹುಡುಗ್ರು ಬಾಯಿ ಬಿಡತಾರ, ವಿಭಾಗದ ಹೆಸರ ಕೆಡತೈತಿ. ಪರೀಕ್ಷೆಗೆ ಬೇಕಾಗಿದ್ದು ಪುಸ್ತಕದಂಥ ದೇಹ. ತಿಳೀತಿಲ್ಲ?’

ಗೊತ್ತಿಲ್ಲದೆ ಬೈದಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆನೇನೋ. ಗೊತ್ತಿದ್ದೂ ಬೈದಿದ್ದರು! ಆ ಗಳಿಗೆಯಿಂದ ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ‘ನಾ ತಗಿಯೂದಿಲ್ರಿ ಸರ್’ ಎಂದೆ. ‘ಬ್ಯಾಡ ಬಿಡು’ ಎಂದರು, ಮುಂದಿನ ಹಾಳೆ ತಿರುವುತ್ತಾ.

ಆಮೇಲೆ ನನ್ನ ಹಣೆಬರಹ ಕೇಳಬೇಡಿ. ಬಾಯಿಪರೀಕ್ಷೆಯಲ್ಲಿ ನನ್ನ ಸರದಿ ಬಂದಾಗಲೆಲ್ಲಾ ಯಾರಿಗೂ ಕೇಳದ ಪ್ರಶ್ನೆ. ಉತ್ತರ ಹೇಳಿದರೆ ‘ದನಿ ಏರಸಬ್ಯಾಡ’, ಹೇಳದಿದ್ದರೆ ‘ಈಗ ಎಲ್ಲಿ ಹೋತು ದೊಡ್ಡ ಪುಸ್ತಕ?’ ಮನೆಯ ಮುಂದಿನ ಅಂಗಡಿಯಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅವನು ಗಿರಾಕಿಯ ಕೈಗೆ ಬಳೆ ಏರಿಸುತ್ತಿದ್ದವನು ತಲೆಯೆತ್ತದೆಯೇ, ‘ಬೇಟಾ, ಹೊಳ್ಯಾಗಿದ್ದು ಮೊಸಳಿ ಕೂಡ ಜಗಳಾ ಮಾಡಬಾರದು. ಮೊದಲ ಪಾಸಾಗು’ ಎಂದ. ಅಮ್ಮ ಒಳಗಿನಿಂದಲೇ ಕೂಗಿದಳು: ‘ಆ ಹೆಣ್ಣಮಗಳಿಗೆ ಮಾತ ಕೊಟ್ಟ ಬಂದಾಳಲ್ಲ, ಅದರ ಗತಿ?’ ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಬೇಸಿಗೆ ಬಂತು. ಗದಗಿನ ಬಿಸಿಲು ಹಾಲಿನ ತಗಡಿನ ಮೇಲೆ ಕಾದು ಒಳಗಿನ ವಾಸನೆಗೆ ಕೋರೆಹಲ್ಲು ಮೂಡಿಸಿತು. ಪ್ರ್ಯಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನಾನು ಟೇಬಲ್ಲಿಗೆ ಹೋದರೆ ಬಲ ಬಗಲು ಥಳಥಳ ಹೊಳೆಯುತ್ತಿತ್ತು. ಕಮಾನು ಇರಲಿಲ್ಲ. ಬೆನ್ನಿನ ಸ್ನಾಯುವಿನ ಅಂಚಿನಲ್ಲಿ ಒಂದು ಮೋಟು, ಎದೆಯ ಸ್ನಾಯುವಿನ ಅಡಿಯಲ್ಲಿ ಇನ್ನೊಂದು ಮೋಟು. ನಡುವೆ ಖಾಲಿ, ಚಿತ್ರದಲ್ಲಿದ್ದ ಹಾಗೆಯೇ.

ವೀರೇಶ ಕತ್ತರಿ ಒರೆಸುತ್ತಿದ್ದ.

‘ಯಾರು ಮಾಡಿದ್ದಿದು?’

‘ಸರ್ ಹೇಳಿದ್ರು. ಕ್ಲೀನ್ ಮಾಡು ಅಂದ್ರು. ನಾ ಏನ್ ಮಾಡ್ಲಿ?’

‘ನೀ ಕಣ್ಣಾರೆ ನೋಡಿದ್ದಿಲ್ಲೇನಲೇ? ಕೈ ಎತ್ತಿದಾಗ ಹೆಂಗ ಬಿಗೀತಿತ್ತಂತ ನೋಡಿದ್ದಿಲ್ಲೇನು?’

‘ನೋಡೇನಿ. ನೋಡಿದ್ರ ಮಾರ್ಕ್ಸ್ ಕೊಡ್ತಾರೇನು?’

ನಾನು ಅವನ ಕೈಯಿಂದ ಕತ್ತರಿ ಕಿತ್ತುಕೊಂಡು ನೆಲಕ್ಕೆ ಒಗೆದೆ. ಅಷ್ಟೇ ಮಾಡಿದ್ದು. ಅದಕ್ಕಿಂತ ಹೆಚ್ಚು ಮಾಡಬೇಕಿತ್ತು.

ನಮ್ಮ ಹಾಲಿನಲ್ಲಿ ಒಂದು ಪದ್ಧತಿ. ಪ್ರತಿ ಟೇಬಲ್ಲಿನ ಕೆಳಗೂ ಮುಚ್ಚಳದ ಒಂದು ಬಕೆಟ್ಟು ಇರುತ್ತದೆ. ಆ ದೇಹದಿಂದ ತೆಗೆದ ಕೊಬ್ಬು, ಪೊರೆ, ಚರ್ಮ, ಒಂದು ಚೂರೂ ಹೊರಗೆ ಹೋಗದೆ ಆ ಬಕೆಟ್ಟಿಗೇ ಬೀಳಬೇಕು. ವರ್ಷದ ಕೊನೆಗೆ ದೇಹವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಯವರಿಗೆ ಕೊಡುವಾಗ ಬಕೆಟ್ಟಿನಲ್ಲಿದ್ದದ್ದನ್ನೂ ಅದರ ಜೊತೆಗೆ ಕೊಡುತ್ತಾರೆ. ಮಣ್ಣಿಗೆ ಹೋಗುವವನು ಪೂರ್ತಿ ಹೋಗಬೇಕು. ಸುತ್ತುವ ಕೆಲಸ ಆಯಾ ಟೇಬಲ್ಲಿನ ವಿದ್ಯಾರ್ಥಿಗಳದು. ಆ ದಿನ ಮಧ್ಯಾಹ್ನ ಎಲ್ಲರೂ ಓದಲು ಹೋದ ಮೇಲೆ ನಾನು ನೆಲದ ಮೇಲೆ ಕೂತು ಫಕೀರಪ್ಪನ ಬಕೆಟ್ಟನ್ನು ಬರಿ ಕೈಯಲ್ಲಿ ಬಗೆದೆ. ವರ್ಷದ ಕೊಬ್ಬಿನ ಮೇಲೆಯೇ ಸಿಕ್ಕಿತು, ಕಂದು ಬಣ್ಣದ ಆ ಪಟ್ಟಿ. ಒಂದು ಬಟ್ಟೆ ಚೂರಿನಲ್ಲಿ ಕಟ್ಟಿ ಅದೇ ಬಕೆಟ್ಟಿನ ಅಂಚಿಗೆ ಸಿಕ್ಕಿಸಿದೆ.

ಪರೀಕ್ಷೆಯಲ್ಲಿ ನನ್ನನ್ನು ಬೇಕೆಂದೇ ಕಾಲಿನ ಟೇಬಲ್ಲಿಗೆ ಕಳಿಸಿದರು. ಹೊರಗಿನ ಪರೀಕ್ಷಕರು ಫಕೀರಪ್ಪನ ಬಗಲುಗಳನ್ನು ನೋಡಿ, ‘ಎಷ್ಟು ಚೊಕ್ಕ ಇದೆ’ ಎಂದು ಮೆಚ್ಚಿದ್ದು ನನಗೆ ದೂರದಿಂದಲೇ ಕೇಳಿಸಿತು. ಸರ್ ಕೈಕಟ್ಟಿ ನಿಂತು ವಿನಯದಿಂದ ನಕ್ಕರು.

ಪರೀಕ್ಷೆ ಮುಗಿದು ಫಲಿತಾಂಶ ಬರುವ ಮೊದಲೇ ದೇಹಗಳನ್ನು ಮನೆಯವರಿಗೆ ಒಪ್ಪಿಸುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಸುತ್ತುವಾಗ ನಾನು ಮನೆಯಿಂದ ಸೂಜಿ ಮತ್ತು ಕರಿ ದಾರ ತಂದಿದ್ದೆ. ಪಟ್ಟಿಯ ಎರಡೂ ತುದಿಗಳನ್ನು ಎರಡು ಮೋಟುಗಳಿಗೆ ಹಿಡಿದು ಹೊಲಿದೆ. ಚೆಂದ ಆಗಲಿಲ್ಲ, ನನಗೆ ಆಗ ಹೊಲಿಗೆ ಎಲ್ಲಿ ಬರುತ್ತಿತ್ತು? ಹೊಲಿಯುವಷ್ಟು ಹೊತ್ತು ವೀರೇಶ ಕೇಳದೆಯೇ ಬಂದು ಕೈ ಎತ್ತಿ ಹಿಡಿದ. ‘ಸರ್‌ಗೆ ಹೇಳಬ್ಯಾಡ’ ಎಂದ. ಆ ಉಪಕಾರಕ್ಕೆ ಅವನನ್ನು ಕ್ಷಮಿಸಿದೆ ಎಂದು ಅವನು ಈಗಲೂ ತಿಳಿದಿರಬಹುದು. ಕ್ಷಮಿಸಿಲ್ಲ.

ಮರುದಿನ ಹಾಲಿನ ಮುಂದಿನ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ಹೂವಿನ ಹಾರ, ಮುಂದೆ ಸಾಲಾಗಿ ಮಲಗಿಸಿದ ಬಿಳಿ ಬಟ್ಟೆಯ ದೇಹಗಳು. ಗಂಗವ್ವ ಬಂದಿದ್ದಳು, ಈ ಸಲ ಹೊಸ ಇಳಕಲ್ ಸೀರೆ ಉಟ್ಟು. ಜೊತೆಗೆ ಅವಳ ದೊಡ್ಡಪ್ಪನ ಮಗ ಬಸಪ್ಪ, ಹೊಳೆದಂಡೆಯ ಆ ಹೊಲ ಈಗ ಉಳುತ್ತಿರುವವನು. ಮಣ್ಣು ಕೊಡಲು ಗಂಡು ದಿಕ್ಕು ಬೇಕೆಂದು ಕರೆತಂದಿದ್ದಳು. ಸರ್ ಭಾಷಣ ಮಾಡಿದರು. ಈ ದೇಹಗಳೇ ನಮ್ಮ ಮೊದಲ ಗುರುಗಳು ಎಂದರು. ಫಕೀರಪ್ಪನವರ ದೇಹವಂತೂ ಪುಸ್ತಕದ ಹಾಗಿತ್ತು, ಹೊರಗಿನ ಪರೀಕ್ಷಕರೇ ಮೆಚ್ಚಿದರು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗವ್ವ ಎದ್ದು ನಿಂತಳು.

‘ಸರ, ನಮ್ಮಪ್ಪನ ಬಲಗೈನ್ಯಾಗ ಏನ ಸಿಕ್ಕಿತ್ರಿ?’

‘ಏನೂ ಇಲ್ಲಮ್ಮ’ ಎಂದರು ಸರ್, ನಗುತ್ತಲೇ. ‘ಎಲ್ಲಾ ಸರಿಯಾಗಿ ಇತ್ತು. ಬಂಗಾರದಂಥ ಕೈ.’

ಬಸಪ್ಪ ಮೀಸೆಯ ಮೇಲೆ ಕೈಯಾಡಿಸಿದ. ‘ನಾ ಹೇಳಿದ್ದಿಲ್ಲೇನ ತಂಗಿ? ಮೈಗಳ್ಳತನ ಕೊಯ್ದ್ರ ಸಿಗತೈತೇನು? ಸುಮ್ಮನ ಸತ್ತ ಮ್ಯಾಲೂ ಮುದುಕನ ಮರ್ಯಾದಿ ಕಳದಿ.’

ಗಂಗವ್ವ ಕೂರಲಿಲ್ಲ. ಅವಳ ಕಣ್ಣು ವಿದ್ಯಾರ್ಥಿಗಳ ಸಾಲಿನಲ್ಲಿ ನನ್ನನ್ನು ಹುಡುಕುತ್ತಿತ್ತು. ನಾನು ಮುಂದೆ ಹೋಗಲು ಹೆಜ್ಜೆ ಎತ್ತಿದೆ. ವೀರೇಶ ನನ್ನ ತೋಳು ಚಿವುಟಿದ. ‘ಹುಚ್ಚೀ, ರಿಜಲ್ಟ್ ಬಂದಿಲ್ಲ ಇನ್ನಾ. ಒಳಗಿನ ಮಾರ್ಕ್ಸ್ ಅವರ ಕೈಯಾಗ ಅದಾವು.’ ಅವನ ಮಾತು ಖರೆಯಾಯಿತು. ಆ ಸಲ ನಾನು ಶರೀರರಚನೆಯಲ್ಲಿ ನಪಾಸಾದೆ, ನನ್ನ ಬ್ಯಾಚು ಮುಂದೆ ಹೋಯಿತು, ನಾನು ಹಿಂದೆ ಬಿದ್ದೆ, ಲಕ್ಷ್ಮೇಶ್ವರದಲ್ಲಿ ಅಪ್ಪ ಗಿರಾಕಿಗಳಿಗೆ ಸುಳ್ಳು ಹೇಳಬೇಕಾಯಿತು. ಅವೆಲ್ಲಾ ಆಮೇಲಿನ ಮಾತು. ಆಗ ನಾನು ಅವನ ಕೈ ಕೊಡವಿ ನಡೆದೆ.

‘ಗಂಗವ್ವಾ, ಸಿಕ್ಕೈತಿ’ ಎಂದೆ. ‘ಎಲ್ಲಾರಿಗೂ ಇರದ ಒಂದ ಸ್ನಾಯು ನಿಮ್ಮಪ್ಪನ ಬಲಗಡೆ ಬಗಲಾಗ ಐತಿ. ಕೈ ಎತ್ತಿದ್ರ ನರಾ ಒತ್ತತೈತಿ. ಕೈ ಸಾಯತೈತಿ. ನಿಮ್ಮಪ್ಪ ಹೇಳಿದ್ದ ಖರೆ.’

ಸರ್ ಮೈಕು ಕೆಳಗಿಟ್ಟು, ‘ಏನ್ ಮಾತಾಡ್ತಿ ನೀನು? ಆಕಿ ಮಾತ ಕೇಳಬ್ಯಾಡಮ್ಮ’ ಎನ್ನುತ್ತಾ ಬಂದರು. ಗಂಗವ್ವ ಅವರ ಕಡೆ ನೋಡಲೂ ಇಲ್ಲ.

‘ತೋರಸ್ರಿ ನನಗ.’

‘ನೋಡಾಕ ಆಗೂದಿಲ್ರಿ ಗಂಗವ್ವ...’

‘ಹೆತ್ತ ಅಪ್ಪನ್ನ ಕೊಟ್ಟಾಕಿಗೆ ನೋಡಾಕ ಆಗೂದಿಲ್ಲೇನು? ತೋರಸ್ರಿ ಅಂದ್ನೆಲ್ಲ.’

ಸುತ್ತಿದ ಬಟ್ಟೆಯನ್ನು ಬಲ ಹೆಗಲಿನ ಹತ್ತಿರ ಒಂದು ಮೊಳದಷ್ಟೇ ಸರಿಸಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ ಕೂತಳು. ನಾನು ಕೈ ಎತ್ತಿದೆ. ಪಟ್ಟಿ ಬಿಗಿಯಾಯಿತು. ಅವಳು ಎರಡು ಬೆರಳನ್ನು ಅದರ ಅಡಿಗೆ ತೂರಿಸಿ ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ, ಅಳಲಿಲ್ಲ. ತಿರುಗಿ ನೋಡಿ, ‘ಬಸಪ್ಪಾ, ಬಾ ಇಲ್ಲೆ’ ಎಂದಳು. ಅವನು ಹಿಂದೆ ಸರಿದ. ‘ಬಾರಲೇ!’ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದು, ಅವನ ಬೆರಳನ್ನು ಆ ಪಟ್ಟಿಯ ಮೇಲೆ ಒತ್ತಿ ಹಿಡಿದಳು. ‘ಮುಟ್ಟು. ನಿಮ್ಮಪ್ಪ ಕಣದಾಗ ಬೈದದ್ದ ಇದಕ್ಕ. ಚಲೋತಂಗ ಮುಟ್ಟು. ಹೊಳಿ ಹೊಲಾ ನೆನಸ್ಕೊಂಡು ಮುಟ್ಟು.’

ಅವಳು ಬಿಟ್ಟ ಮೇಲೆ ಬಸಪ್ಪ ಬೆರಳನ್ನು ಧೋತರಕ್ಕೆ ಒರೆಸುತ್ತಾ ಶಾಮಿಯಾನದ ಹೊರಗೆ ಹೋಗಿ ನಿಂತ.

ಗಂಗವ್ವ ಮತ್ತೆ ಬಗ್ಗಿದಳು. ಈಗ ಅವಳ ಬೆರಳು ಪಟ್ಟಿಯ ತುದಿಗೆ ಹೋಯಿತು, ಕರಿ ದಾರದ ಮೇಲೆ ನಿಂತಿತು. ಆ ತುದಿ ನೋಡಿದಳು, ಈ ತುದಿ ನೋಡಿದಳು. ತಲೆಯೆತ್ತಿದಳು.

‘ಇಲ್ಲೆ ಹೊಲಿಗಿ ಯಾಕ ಐತ್ರಿ?’

‘ಕೊಯ್ದಿದ್ರು’ ಎಂದೆ ನಾನು. ‘ಪರೀಕ್ಷೆಗೆ ಚಂದ ಕಾಣ್ಲಿ ಅಂತ ಕೊಯ್ಸಿದ್ರು. ನಾ ಹುಡುಕಿ ಹೊಲಿದೇನಿ.’

‘ಯಾರು ಕೊಯ್ಸಿದ್ರು?’

ನಾನು ಸರ್ ಅವರ ಕಡೆ ಕೈ ಮಾಡಿದೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಗಂಗವ್ವ ಎದ್ದು ಅವರೆದುರು ಹೋಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದುಕೊಂಡೆ. ಅವಳು ಏನೂ ತಿಳಿಯದವಳ ಹಾಗೆ, ಖರೇನೇ ಉತ್ತರ ಬೇಕಾದವಳ ಹಾಗೆ ಕೇಳಿದಳು:

‘ಅಲ್ರಿ ಸರ, ಇದನ್ನ ಅಂವ ಜೀವಂತ ಇದ್ದಾಗ ಕೊಯ್ದಿದ್ರ ಕೈ ಎತ್ತತಿದ್ದ. ಸತ್ತ ಮ್ಯಾಲೆ ಯಾಕ ಕೊಯ್ದ್ರಿ?’